ಸಮಿತಿಯಲ್ಲೇ ಮುಗಿದುಹೋದ ಹೆಸರುಗಳು: ‘ತಿರಸ್ಕೃತ’ ಎಂಬ ಅಂಕಣದಲ್ಲಿ ಯಾರನ್ನು ಬರೆಯಬೇಕು?

ಕಡತಪ್ರಿಯ
ಮುಂದಿನ ತಿಂಗಳು ಒಂದು ಕಾನೂನು ಕಾಲೇಜಿನ ಮಕ್ಕಳಿಗೆ ಅಮೆರಿಕದ ಫೆಡರಲ್ ನ್ಯಾಯಾಧೀಶರ ನೇಮಕದ ಬಗ್ಗೆ ಒಂದು ಗಂಟೆ ಮಾತನಾಡಬೇಕಿದೆ. ಸುಲಭದ ಕೆಲಸವೆಂದು ಒಪ್ಪಿಕೊಂಡೆ. ಸೆನೆಟ್ಟಿನ ನ್ಯಾಯಾಂಗ ಸಮಿತಿ ಯಾರನ್ನೆಲ್ಲ ತಿರಸ್ಕರಿಸಿದೆ ಎಂದು ಒಂದು ಪಟ್ಟಿ ಮಾಡಿದರೆ ಅರ್ಧ ಉಪನ್ಯಾಸ ಮುಗಿದಂತೆ ಎಂದುಕೊಂಡು ಹೆಸರು, ವರ್ಷ, ಮತ, ಫಲಿತಾಂಶ ಎಂದು ನಾಲ್ಕು ಅಂಕಣ ಎಳೆದೆ. ಎರಡನೇ ಸಾಲಿಗೇ ಸಿಕ್ಕಿಬಿದ್ದೆ.

1987ರಲ್ಲಿ ರಾಬರ್ಟ್ ಬೋರ್ಕ್ ಅವರ ವಿರುದ್ಧ ಸಮಿತಿ 9–5ರಿಂದ ಮತ ಹಾಕಿತು. ಆದರೂ ಹೆಸರು ಪೂರ್ಣ ಸದನಕ್ಕೆ, ಅಂದರೆ ನೂರು ಜನರ ಸೆನೆಟ್ಟಿಗೆ, ಹೋಯಿತು. ಅಲ್ಲಿ 42–58ರಿಂದ ಬಿದ್ದಿತು. 2002ರಲ್ಲಿ ಚಾರ್ಲ್ಸ್ ಪಿಕರಿಂಗ್ ಅವರ ವಿರುದ್ಧ ಅದೇ ಸಮಿತಿ 10–9ರಿಂದ ಮತ ಹಾಕಿತು. ಆ ಹೆಸರು ಸದನದ ಬಾಗಿಲನ್ನೂ ಕಾಣಲಿಲ್ಲ. ನಾಲ್ಕು ಮತಗಳ ಅಂತರದಿಂದ ಸೋತವರಿಗೆ ಇನ್ನೊಂದು ಅವಕಾಶ, ಒಂದೇ ಮತದಿಂದ ಸೋತವರಿಗೆ ಅಲ್ಲಿಗೇ ಮುಕ್ತಾಯ. ಇದರ ಹಿಂದಿನ ನಿಯಮ ಯಾವುದು? ಬಲ್ಲವರು ತಿಳಿಸಬೇಕು.

(ಗೊಂದಲವಾಗದಂತೆ ದೇಶದ ಮುಖ್ಯಸ್ಥರನ್ನು ರಾಷ್ಟ್ರಾಧ್ಯಕ್ಷ ಎಂದೂ ಸಮಿತಿಯವರನ್ನು ಸಮಿತಿಯ ಮುಖ್ಯಸ್ಥ ಎಂದೂ ಕರೆಯೋಣ. ಎಲ್ಲರನ್ನೂ ಅಧ್ಯಕ್ಷ ಎಂದರೆ ನಾನೇ ಕಳೆದುಹೋಗುತ್ತೇನೆ.)

ಸಾಗರದವಳು
ನಿಯಮ ಅಲ್ಲ ಸರ್, ರೂಢಿ. ಬೋರ್ಕ್ ಸುಪ್ರೀಂ ಕೋರ್ಟಿಗೆ ಬಂದವರು, ಪಿಕರಿಂಗ್ ಐದನೇ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಬಂದವರು. ವ್ಯತ್ಯಾಸ ಅಷ್ಟೇ.

ಸುಪ್ರೀಂ ಕೋರ್ಟಿನ ಹೆಸರಾದರೆ ಸಮಿತಿ ಒಪ್ಪಲಿ ಬಿಡಲಿ, ಪೂರ್ಣ ಸದನಕ್ಕೆ ಕಳುಹಿಸಬೇಕೆಂಬುದು ಹಳೆಯ ನಡವಳಿಕೆ. 1930ರಲ್ಲಿ ಜಾನ್ ಪಾರ್ಕರ್ ಅವರಿಗೆ ಸಮಿತಿ 10–6ರಿಂದ ವಿರುದ್ಧ ಶಿಫಾರಸು ಮಾಡಿತು, ಸದನಕ್ಕೆ ಕಳುಹಿಸಿತು, ಸದನ 39–41ರಿಂದ ಕೈಬಿಟ್ಟಿತು. ಇನ್ನೊಬ್ಬರು ಮತ ಬದಲಿಸಿದ್ದರೆ ಸಮಬಲ! 1991ರಲ್ಲಿ ಕ್ಲಾರೆನ್ಸ್ ಥಾಮಸ್ ಅವರ ವಿಷಯದಲ್ಲಿ ಸಮಿತಿ 7–7 ಆಯಿತು. ಯಾವ ಶಿಫಾರಸೂ ಇಲ್ಲದೆ ಸದನಕ್ಕೆ ಹೋಗಿ 52–48ರಿಂದ ಗೆದ್ದರು. 2001ರ ಜೂನ್‌ನಲ್ಲಿ ಪ್ಯಾಟ್ರಿಕ್ ಲೇಹಿ, ಆರಿನ್ ಹ್ಯಾಚ್ ಇಬ್ಬರೂ, ಅಂದರೆ ಸಮಿತಿಯಲ್ಲಿದ್ದ ಎರಡೂ ಪಕ್ಷದ ಮುಂದಾಳುಗಳು, ಈ ರೂಢಿಯನ್ನು ಪಾಲಿಸುತ್ತೇವೆ ಎಂದು ಪತ್ರದಲ್ಲಿಯೇ ಬರೆದರು. ಕೆಳಗಿನ ನ್ಯಾಯಾಲಯಗಳಿಗೆ ಆ ಮಾತು ಅನ್ವಯಿಸಲಿಲ್ಲ.

ಪಿಕರಿಂಗ್ ವಿಷಯದಲ್ಲಿ ಇನ್ನೊಂದು ವಿವರ ನೋಡಿ. ಒಪ್ಪಿಗೆಯ ಶಿಫಾರಸಿಗೆ ಸೋಲಾದ ಮೇಲೆ, ಶಿಫಾರಸಿಲ್ಲದೆಯಾದರೂ ಕಳುಹಿಸೋಣ ಎಂಬ ಸೂಚನೆ ಬಂತು. ಅದಕ್ಕೂ ಅದೇ 10–9ರ ಸೋಲು. ‘ನಮಗೆ ಇವರು ಬೇಡ’ ಎನ್ನುವುದು ಒಂದು ಮಾತು. ‘ಉಳಿದವರೂ ಇವರನ್ನು ನೋಡಬಾರದು’ ಎನ್ನುವುದು ಬೇರೆಯೇ ಮಾತು. ನಿಮ್ಮ ಪಟ್ಟಿಗೆ ಎರಡು ಅಂಕಣ ಬೇಕು.

ಹುರಿಗಡಲೆ
ನೂರು ಜನರ ಸದನದಲ್ಲಿ ಗೆಲ್ಲಬಹುದಾದ ಮನುಷ್ಯನನ್ನು ಹತ್ತು ಜನ ಒಂದು ಕೋಣೆಯಲ್ಲಿ ಕುಳಿತು ಮುಗಿಸುವುದೆಂದರೆ ಪ್ರಜಾಪ್ರಭುತ್ವಕ್ಕೆ ಅವಮಾನವಲ್ಲವೇ? ಪಾರ್ಕಿನ ಗೇಟಿನಲ್ಲೇ ಕಾವಲುಗಾರ ತಡೆದ ಹಾಗಾಯಿತು.

ನಿವೃತ್ತ ಮುನ್ಸಿಫ
ಹುರಿಗಡಲೆಯವರೇ, ಸ್ವಲ್ಪ ತಾಳಿ. ಸಮಿತಿ ಇರುವುದೇ ಜರಡಿಯಾಗಿ. ಜರಡಿ ಹಿಡಿದ ಮೇಲೆ ಕಲ್ಲು ಮೇಲೆ ಉಳಿಯಿತೆಂದು ದೂರುವುದು ಸರಿಯೇ? ಸಾವಿರಗಟ್ಟಲೆ ಮಸೂದೆಗಳು ಸಮಿತಿಯಲ್ಲೇ ಮುಗಿಯುತ್ತವೆ, ಯಾರೂ ಅಳುವುದಿಲ್ಲ. ನ್ಯಾಯಾಧೀಶರ ಹೆಸರಿಗೆ ಮಾತ್ರ ಪೂರ್ಣ ಸದನದ ಹಕ್ಕು ಎಲ್ಲಿಂದ ಬಂತು? ಸಂವಿಧಾನದ ಎರಡನೇ ವಿಧಿ ಹೇಳುವುದು ಇಷ್ಟೇ: ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ಟಿನ ಸಲಹೆ ಮತ್ತು ಸಮ್ಮತಿ ಪಡೆದು ನೇಮಿಸುತ್ತಾರೆ. ಸಮಿತಿ ಎಂಬ ಪದವೇ ಅಲ್ಲಿಲ್ಲ. 1795ರಲ್ಲಿ ಜಾನ್ ರಟ್ಲೆಜ್ ಅವರನ್ನು ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಸೆನೆಟ್ 10–14ರಿಂದ ನಿರಾಕರಿಸಿದಾಗ ನ್ಯಾಯಾಂಗ ಸಮಿತಿ ಹುಟ್ಟಿಯೇ ಇರಲಿಲ್ಲ. ಅದು ಹುಟ್ಟಿದ್ದು 1816ರಲ್ಲಿ. ಸೆನೆಟ್ ತನ್ನ ಅನುಕೂಲಕ್ಕೆ ಮಾಡಿಕೊಂಡ ಉಪಕರಣ ಅದು. ಯಜಮಾನ ಮನಸ್ಸು ಮಾಡಿದರೆ ಉಪಕರಣವನ್ನು ಬದಿಗಿಡಬಹುದು.

ಬದಿಗಿಟ್ಟದ್ದೂ ಉಂಟು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಕೆಟಾಂಜಿ ಬ್ರೌನ್ ಜಾಕ್ಸನ್ ಅವರ ಹೆಸರಿಗೆ ಸಮಿತಿಯಲ್ಲಿ 11–11. ಸಮಬಲವಾದರೆ ಸೂಚನೆ ಬಿದ್ದಂತೆ. ಆಗ ಪೂರ್ಣ ಸದನವೇ 53–47ರಿಂದ ಆ ಹೆಸರನ್ನು ಸಮಿತಿಯ ಕೈಯಿಂದ ಹೊರತೆಗೆಯಿತು. ಮೂರು ದಿನಗಳ ನಂತರ ಅದೇ 53–47ರಿಂದ ಒಪ್ಪಿತು. ಆದ್ದರಿಂದ ಕೊಂದ ಪಾಪವನ್ನು ಸಮಿತಿಯ ಮೇಲಷ್ಟೇ ಹೊರಿಸಬೇಡಿ. ಸದನಕ್ಕೆ ಎತ್ತಿಕೊಳ್ಳುವ ದಾರಿ ಇದ್ದೂ ಎತ್ತಿಕೊಳ್ಳದೆ ಇದ್ದರೆ ಅದು ಸದನದ ತೀರ್ಮಾನವೂ ಹೌದು.

ಸಾಗರದವಳು
ಮುನ್ಸಿಫರೇ, ತಮ್ಮ ಮಾತು ಕಾಗದದ ಮೇಲೆ ಸರಿ. ಆದರೆ ಹೊರತೆಗೆಯುವ ಸೂಚನೆಯನ್ನು ಸದನಕ್ಕೆ ತರುವವರು ಬಹುಮತ ಪಕ್ಷದ ನಾಯಕರು. 2002ರಲ್ಲಿ ಸಮಿತಿಯೂ ಸದನವೂ ಡೆಮಾಕ್ರಟರ ಕೈಯಲ್ಲಿದ್ದವು. ತಮ್ಮ ಸಮಿತಿಯೇ ಮುಚ್ಚಿದ ಬಾಗಿಲನ್ನು ತಾವೇ ತೆರೆಯುತ್ತಾರೆಯೇ? 2022ರಲ್ಲಿ 50–50ರ ಸದನ ಇದ್ದುದರಿಂದ ಸಮಬಲದ ಹೆಸರುಗಳನ್ನು ಎತ್ತಿಕೊಳ್ಳಲು ಮೊದಲೇ ವಿಶೇಷ ಒಪ್ಪಂದವಾಗಿತ್ತು. ಅದು ನಿತ್ಯದ ದಾರಿಯಲ್ಲ.

ಪಿಕರಿಂಗ್, ಅದೇ ಐದನೇ ವಲಯಕ್ಕೆ ಹೆಸರಾಗಿದ್ದ ಪ್ರಿಸಿಲ್ಲಾ ಓವನ್, ಇಬ್ಬರ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಓವನ್ ಅವರು ಟೆಕ್ಸಾಸ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ವಕೀಲರ ಸಂಘ ಅವರಿಗೆ ಅತ್ಯುನ್ನತ ಅರ್ಹತೆಯ ಶ್ರೇಣಿಯನ್ನು ಸರ್ವಾನುಮತದಿಂದ ಕೊಟ್ಟಿತ್ತು. 2002ರ ಸೆಪ್ಟೆಂಬರ್ 5ರಂದು ಸಮಿತಿ ಅವರನ್ನೂ 10–9ರಿಂದ ನಿಲ್ಲಿಸಿತು. ನವೆಂಬರಿನ ಚುನಾವಣೆಯಲ್ಲಿ ರಿಪಬ್ಲಿಕನ್ನರು ಸೆನೆಟ್ ಗೆದ್ದರು. ಜನವರಿಯಲ್ಲಿ ರಾಷ್ಟ್ರಾಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಇಬ್ಬರ ಹೆಸರನ್ನೂ ಮತ್ತೆ ಕಳುಹಿಸಿದರು. ಈ ಸಲ ಸಮಿತಿ ದಾಟಿತು, ಸದನದಲ್ಲಿ ಫಿಲಿಬಸ್ಟರ್ (ಚರ್ಚೆಯನ್ನು ಎಳೆದು ಮತದಾನವನ್ನೇ ತಡೆಯುವ ತಂತ್ರ) ಅಡ್ಡ ಬಂತು. 2004ರಲ್ಲಿ ಸೆನೆಟ್ ಬಿಡುವಿನಲ್ಲಿದ್ದಾಗ ಬುಷ್ ಪಿಕರಿಂಗ್ ಅವರನ್ನು ತಾತ್ಕಾಲಿಕವಾಗಿ ನೇಮಿಸಿದರು. ವರ್ಷ ಮುಗಿಯುವಾಗ ಅವರು ನಿವೃತ್ತರಾದರು. ಓವನ್ ಮಾತ್ರ 2005ರ ಮೇ ತಿಂಗಳಲ್ಲಿ, ಎರಡೂ ಪಕ್ಷಗಳ ಹದಿನಾಲ್ಕು ಸೆನೆಟರ್‌ಗಳ ರಾಜಿಯ ನಂತರ 55–43ರಿಂದ ಗೆದ್ದು ಹುದ್ದೆಗೆ ಏರಿದರು. ಕಡತಪ್ರಿಯರೇ, ಸಮಿತಿಯಲ್ಲಿ ಸೋತು ಆಮೇಲೆ ನ್ಯಾಯಾಧೀಶರಾದವರನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ?

ಕಡತಪ್ರಿಯ
ಐದನೇ ಅಂಕಣ ಎಳೆಯುತ್ತಿದ್ದೇನೆ. ಕಾಗದ ಅಡ್ಡ ತಿರುಗಿಸಿದ್ದಾಯಿತು.

ಒಹಾಯೊ ಕನ್ನಡಿಗ
ಇಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ, ವಕೀಲನಲ್ಲ, ಆದರೆ ಈ ಸಮಿತಿಯ ಸಭೆಗಳನ್ನು ನೋಡುವುದು ನನಗೊಂದು ಚಟ. ಮನೆಯಲ್ಲಿ ಎಲ್ಲರೂ ಬೈಯುತ್ತಾರೆ. ಪುಸ್ತಕದಲ್ಲಿ ಸಿಗದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಟಿವಿಯಲ್ಲಿ ಬರುವ ಸುಪ್ರೀಂ ಕೋರ್ಟಿನ ವಿಚಾರಣೆ ಜಾತ್ರೆ. ನಿತ್ಯದ ವಿಚಾರಣೆ ಹಾಗಲ್ಲ. ಸೆನೆಟ್ ಕಚೇರಿಗಳಿರುವ ಡರ್ಕ್ಸನ್ ಕಟ್ಟಡದ 226ನೇ ಕೋಣೆ. ಜಿಲ್ಲಾ ನ್ಯಾಯಾಲಯಕ್ಕೆ ಹೆಸರಿಸಲಾದ ನಾಲ್ಕೈದು ಜನರನ್ನು ಒಂದೇ ಮೇಜಿನ ಮುಂದೆ ಸಾಲಾಗಿ ಕೂರಿಸುತ್ತಾರೆ. ಹಿಂದಿನ ಸಾಲುಗಳಲ್ಲಿ ಅವರ ಅಪ್ಪ, ಅಮ್ಮ, ಮಕ್ಕಳು. ಸೆನೆಟರ್ ಒಬ್ಬೊಬ್ಬರಿಗೆ ಐದು ನಿಮಿಷ. ಅನೇಕ ಕುರ್ಚಿಗಳು ಖಾಲಿ. ಜೀವನಪರ್ಯಂತದ ಹುದ್ದೆಗೆ ನಿಂತವರನ್ನು ಒಂದೂ ಪ್ರಶ್ನೆ ಕೇಳದೆ ಕಳುಹಿಸಿದ್ದನ್ನು ನೋಡಿದ್ದೇನೆ. ನಿಜವಾದ ಪರಿಶೀಲನೆ ಅದಕ್ಕೂ ಮೊದಲೇ, ಕಾಗದದಲ್ಲಿ ನಡೆದಿರುತ್ತದೆ: ಎಫ್‌ಬಿಐ ವರದಿ, ಬರೆದ ಲೇಖನಗಳು, ನಡೆಸಿದ ಮೊಕದ್ದಮೆಗಳು, ಆದಾಯ ಎಲ್ಲವನ್ನೂ ಕೇಳುವ ದಪ್ಪನೆಯ ಪ್ರಶ್ನಾವಳಿ, ವಿಚಾರಣೆಯ ನಂತರ ಲಿಖಿತ ಪ್ರಶ್ನೆಗಳ ಇನ್ನೊಂದು ಸುತ್ತು. ಆಮೇಲೆ ಗುರುವಾರದ ಸಭೆ. ಹೆಸರು ಮೊದಲ ಬಾರಿ ಪಟ್ಟಿಗೆ ಬಂದಾಗ ಯಾವ ಸದಸ್ಯರು ಬೇಕಾದರೂ ಒಂದು ವಾರ ಮುಂದೂಡಲು ಕೇಳಬಹುದು. ಬಹುಮಟ್ಟಿಗೆ ಎಲ್ಲ ಹೆಸರುಗಳಿಗೂ ಕೇಳಿಯೇ ಕೇಳುತ್ತಾರೆ.

ಒಮ್ಮೊಮ್ಮೆ ಮಾತ್ರ ಆ ಐದು ನಿಮಿಷವೇ ಎಲ್ಲವನ್ನೂ ತೀರ್ಮಾನಿಸುತ್ತದೆ. 2017ರ ಡಿಸೆಂಬರ್‌ನಲ್ಲಿ ಮ್ಯಾಥ್ಯೂ ಪೀಟರ್ಸನ್ ಎಂಬವರು ಬಂದರು. ಲೂಯಿಸಿಯಾನದ ಸೆನೆಟರ್ ಜಾನ್ ಕೆನೆಡಿ, ರಾಷ್ಟ್ರಾಧ್ಯಕ್ಷರದೇ ಪಕ್ಷದವರು, ಮೆಲ್ಲನೆಯ ದನಿಯಲ್ಲಿ ಕೇಳುತ್ತ ಹೋದರು. ಜ್ಯೂರಿಯ ಮುಂದೆ ಮೊಕದ್ದಮೆ ನಡೆಸಿದ್ದೀರಾ? ಇಲ್ಲ. ಸಿವಿಲ್? ಇಲ್ಲ. ಕ್ರಿಮಿನಲ್? ಇಲ್ಲ. ‘ಮೋಷನ್ ಇನ್ ಲಿಮಿನಿ’ ಎಂದರೇನೆಂದು ಹೇಳುತ್ತೀರಾ? (ವಿಚಾರಣೆಗೆ ಮೊದಲೇ ಕೆಲವು ಸಾಕ್ಷ್ಯಗಳನ್ನು ಹೊರಗಿಡುವಂತೆ ಕೋರುವ ಅರ್ಜಿ ಅದು.) ಸರಿಯಾದ ಉತ್ತರ ಬರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಹೆಸರನ್ನು ಹಿಂತೆಗೆದುಕೊಂಡರು. ಸಮಿತಿ ಅವರ ವಿರುದ್ಧ ಒಂದು ಮತವನ್ನೂ ಹಾಕಿರಲಿಲ್ಲ.

ಹುರಿಗಡಲೆ
ಆ ವಿಡಿಯೊ ನಾನೂ ನೋಡಿದ್ದೆ. ನಕ್ಕಿದ್ದೆ. ಆಮೇಲೆ ನನ್ನ ಮೊದಲ ಸಂದರ್ಶನ ನೆನಪಾಗಿ ನಗು ನಿಂತಿತು.

ಕೆರೆಯಂಗಳ
ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಒಂದು ಅನುಮಾನ. ಟ್ರಂಪ್ ಸರ್ಕಾರದಲ್ಲಿ ಅಟಾರ್ನಿ ಜನರಲ್ ಆಗಿದ್ದ ಜೆಫ್ ಸೆಷನ್ಸ್ ಅವರನ್ನೂ ಒಮ್ಮೆ ಸೆನೆಟ್ ಮತದಾನದಲ್ಲಿ ಸೋಲಿಸಿತ್ತು ಎಂದು ಓದಿದ್ದೆ. ಅದು ಸರಿಯೇ?

ನಿವೃತ್ತ ಮುನ್ಸಿಫ
ಸದನ ಅಲ್ಲಮ್ಮ, ಸಮಿತಿ. ಸದನಕ್ಕೆ ಅವರ ಹೆಸರು ಬರಲೇ ಇಲ್ಲ. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ಸಮಿತಿಯ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಅಧ್ಯಾಯ ಇದು.

1986. ಸೆಷನ್ಸ್ ಅವರು ಅಲಬಾಮದ ಮೊಬೈಲ್ ಪಟ್ಟಣದಲ್ಲಿ ಫೆಡರಲ್ ಸರ್ಕಾರಿ ವಕೀಲರು. (ಊರಿನ ಹೆಸರೇ ಮೊಬೈಲ್. ಫೋನಿಗೂ ಅದಕ್ಕೂ ಸಂಬಂಧವಿಲ್ಲ.) ರಾಷ್ಟ್ರಾಧ್ಯಕ್ಷ ರೇಗನ್ ಅವರು ಸೆಷನ್ಸರನ್ನು ಅಲ್ಲಿಯ ಜಿಲ್ಲಾ ನ್ಯಾಯಾಲಯಕ್ಕೆ ಹೆಸರಿಸಿದ್ದರು. ಸೆನೆಟ್ ರಿಪಬ್ಲಿಕನ್ನರದು, ಸಮಿತಿಯ ಮುಖ್ಯಸ್ಥ ಸ್ಟ್ರಾಮ್ ಥರ್ಮಂಡ್ ರಿಪಬ್ಲಿಕನ್, ಸಮಿತಿಯಲ್ಲಿ ಹತ್ತು ರಿಪಬ್ಲಿಕನ್ನರಿಗೆ ಎಂಟು ಡೆಮಾಕ್ರಟರು. ಲೆಕ್ಕದ ಪ್ರಕಾರ ಸೋಲುವುದು ಸಾಧ್ಯವೇ ಇರಲಿಲ್ಲ. ಆದರೆ ಕಪ್ಪು ಜನರ ಹಕ್ಕಿನ ಕಾರ್ಯಕರ್ತರ ಮೇಲೆ ಅವರು ಹೂಡಿದ್ದ ಮತದಾನ ಅಕ್ರಮದ ಮೊಕದ್ದಮೆ ಖುಲಾಸೆಯಲ್ಲಿ ಮುಗಿದಿತ್ತು. ಜನಾಂಗದ ಬಗ್ಗೆ ಅವರು ಆಡಿದರೆನ್ನಲಾದ ಮಾತುಗಳನ್ನು ಸಹೋದ್ಯೋಗಿಗಳೇ ಸಮಿತಿಯ ಮುಂದೆ ಹೇಳಿದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ವಿರೋಧಿಸಿ ಪತ್ರ ಬರೆದರು. ಸೆಷನ್ಸ್ ಆರೋಪಗಳನ್ನು ಅಲ್ಲಗಳೆದರು.

ಜೂನ್ 5ರಂದು ಮತದಾನ. ಒಪ್ಪಿಗೆಯ ಶಿಫಾರಸು 10–8ರಿಂದ ಬಿದ್ದಿತು. ಆರ್ಲೆನ್ ಸ್ಪೆಕ್ಟರ್, ಚಾರ್ಲ್ಸ್ ಮಥಾಯಸ್ ಎಂಬ ಇಬ್ಬರು ರಿಪಬ್ಲಿಕನ್ನರು ಡೆಮಾಕ್ರಟರ ಜೊತೆ ಸೇರಿದ್ದರು. ಅಲಬಾಮದವರೇ ಆದ ಡೆಮಾಕ್ರಟ್ ಹೊವೆಲ್ ಹೆಫ್ಲಿನ್ ಕೂಡ ತಮ್ಮ ರಾಜ್ಯದವರ ವಿರುದ್ಧ ಮತ ಹಾಕಿದರು. ಶಿಫಾರಸಿಲ್ಲದೆ ಕಳುಹಿಸೋಣ ಎಂದಾಗ 9–9. ಸಮಬಲ, ಅಂದರೆ ಸೋಲು.

ಈಗ ಮುಂದಿನದನ್ನು ಕೇಳಿ. ಹೆಫ್ಲಿನ್ ನಿವೃತ್ತರಾದಾಗ ತೆರವಾದ ಸೆನೆಟ್ ಸ್ಥಾನವನ್ನೇ ಗೆದ್ದು 1997ರಲ್ಲಿ ಬಂದವರು ಇದೇ ಸೆಷನ್ಸ್. ಬಂದವರು ಅದೇ ನ್ಯಾಯಾಂಗ ಸಮಿತಿಯಲ್ಲಿ ಕುಳಿತರು, ಇತರರ ಹೆಸರುಗಳನ್ನು ತೂಗತೊಡಗಿದರು. 2009ರಲ್ಲಿ ಸ್ಪೆಕ್ಟರ್ ಪಕ್ಷ ಬಿಟ್ಟು ಡೆಮಾಕ್ರಟರಾದಾಗ ಸಮಿತಿಯಲ್ಲಿ ಅವರು ಬಿಟ್ಟ ಹಿರಿಯ ರಿಪಬ್ಲಿಕನ್ ಸ್ಥಾನಕ್ಕೂ ಸೆಷನ್ಸ್ ಅವರೇ ಬಂದರು. ತನ್ನನ್ನು ತಡೆದ ಇಬ್ಬರ ಕುರ್ಚಿಗಳೂ ಒಂದೊಂದಾಗಿ ಅವರಿಗೇ ದಕ್ಕಿದವು. ಕಟ್ಟುಕಥೆಯಲ್ಲಿ ಹೀಗೆ ಬರೆದರೆ ಅತಿಯಾಯಿತು ಎನ್ನುತ್ತಿದ್ದಿರಿ.

ಕೆರೆಯಂಗಳ
ಧನ್ಯವಾದಗಳು ಸರ್. ನನ್ನ ಟಿಪ್ಪಣಿ ತಿದ್ದಿಕೊಂಡೆ.

ಸಾಗರದವಳು
ಇಷ್ಟು ಹೊತ್ತು ನಾವೆಲ್ಲ ಮತ ಎಣಿಸುತ್ತಿದ್ದೇವೆ. ನನಗೆ ಅಲ್ಲೇ ತಕರಾರು. ಸಮಿತಿ ಮತ ಹಾಕಿ ಸೋಲಿಸಿದವರು ಬೆರಳೆಣಿಕೆ: 1986ರಲ್ಲಿ ಸೆಷನ್ಸ್, 1988ರಲ್ಲಿ ಬರ್ನಾರ್ಡ್ ಸೀಗನ್, 1991ರಲ್ಲಿ ಕೆನೆತ್ ರಿಸ್ಕ್ಯಾಂಪ್, 2002ರ ಇಬ್ಬರು, ಹೀಗೆ. ಸೋಲಿಸುವುದು ಅಪರೂಪ, ಒಣಗಿಸುವುದು ಮಾಮೂಲು. ಸಮಿತಿಯ ಮುಖ್ಯಸ್ಥರು ವಿಚಾರಣೆಯ ದಿನವನ್ನೇ ಗೊತ್ತುಮಾಡದಿದ್ದರೆ ಸಾಕು, ಮತ ಹಾಕುವ ಕಷ್ಟವೇ ಇಲ್ಲ. ಸೆನೆಟ್ಟಿನ 31ನೇ ನಿಯಮದಂತೆ ಅಧಿವೇಶನ ಮುಗಿದಾಗ ತೀರ್ಮಾನವಾಗದ ಹೆಸರುಗಳು ರಾಷ್ಟ್ರಾಧ್ಯಕ್ಷರಿಗೆ ವಾಪಸ್ ಹೋಗುತ್ತವೆ. ಯಾರೂ ‘ಬೇಡ’ ಎನ್ನುವುದಿಲ್ಲ. ಯಾರ ಹೆಸರೂ ದಾಖಲೆಯಲ್ಲಿ ಇರುವುದಿಲ್ಲ.

ಒಂದು ಕುರ್ಚಿಯ ಕಥೆ ಹೇಳುತ್ತೇನೆ. 1992ರಲ್ಲಿ ಹಿರಿಯ ಬುಷ್ ಅವರು ವಾಷಿಂಗ್ಟನ್ನಿನ ಡಿಸಿ ಮೇಲ್ಮನವಿ ನ್ಯಾಯಾಲಯಕ್ಕೆ ಒಬ್ಬ ಯುವ ವಕೀಲರನ್ನು ಹೆಸರಿಸಿದರು. ಸಮಿತಿ ವಿಚಾರಣೆ ನಡೆಸಲಿಲ್ಲ, ಹೆಸರು ಒಣಗಿತು. ಏಳು ವರ್ಷಗಳ ನಂತರ, 1999ರಲ್ಲಿ, ಕ್ಲಿಂಟನ್ ಅದೇ ನ್ಯಾಯಾಲಯಕ್ಕೆ ಹಿಂದೆ ಕಾನೂನು ಪ್ರಾಧ್ಯಾಪಕಿಯಾಗಿದ್ದ ಒಬ್ಬರನ್ನು ಹೆಸರಿಸಿದರು. ಈಗ ಸಮಿತಿ ಇನ್ನೊಂದು ಪಕ್ಷದ ಕೈಯಲ್ಲಿ. ಅವರಿಗೂ ವಿಚಾರಣೆ ಇಲ್ಲ. ಆ ಹೆಸರೂ ಒಣಗಿತು. ಆ ಪ್ರಾಧ್ಯಾಪಕಿಗೆ ಸಿಗದ ಕುರ್ಚಿಗೆ 2003ರಲ್ಲಿ ಬಂದವರು 1992ರ ಅದೇ ವಕೀಲರು. ಅವರ ಹೆಸರು ಜಾನ್ ರಾಬರ್ಟ್ಸ್. ಪ್ರಾಧ್ಯಾಪಕಿಯ ಹೆಸರು ಎಲೆನಾ ಕೇಗನ್. 2010ರಿಂದ ಇಬ್ಬರೂ ಸುಪ್ರೀಂ ಕೋರ್ಟಿನಲ್ಲಿ ಒಂದೇ ಪೀಠದ ಮೇಲಿದ್ದಾರೆ.

ಒಹಾಯೊ ಕನ್ನಡಿಗ
ಒಣಗಿಸಲು ಇನ್ನೊಂದು ಸಲಕರಣೆ ಇದೆ, ಅದನ್ನು ಬಿಟ್ಟರೆ ಈ ಚರ್ಚೆ ಅರ್ಧವಾಗುತ್ತದೆ: ನೀಲಿ ಚೀಟಿ. ನಿಜಕ್ಕೂ ನೀಲಿ ಬಣ್ಣದ ಕಾಗದ. ಯಾವ ರಾಜ್ಯದ ನ್ಯಾಯಾಲಯಕ್ಕೆ ಹೆಸರು ಬಂದಿದೆಯೋ ಆ ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ ಸಮಿತಿ ಅದನ್ನು ಕಳುಹಿಸಿ ಅಭಿಪ್ರಾಯ ಕೇಳುತ್ತದೆ. 1917ರ ಆಸುಪಾಸಿನಿಂದ ನಡೆದುಬಂದ ಪದ್ಧತಿ. ಯಾವ ಕಾನೂನಿನಲ್ಲೂ ಇಲ್ಲ. ಅದಕ್ಕೆಷ್ಟು ತೂಕ ಕೊಡಬೇಕೆಂದು ಸಮಿತಿಯ ಮುಖ್ಯಸ್ಥರೇ ತೀರ್ಮಾನಿಸುತ್ತಾರೆ.

ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲೆಂಡ್ 1956ರಿಂದ 1978ರವರೆಗೆ ಮುಖ್ಯಸ್ಥರಾಗಿದ್ದರು. ವರ್ಣಭೇದದ ಕಟ್ಟಾ ಬೆಂಬಲಿಗ. ಅವರ ಕಾಲದಲ್ಲಿ ಒಂದು ಚೀಟಿ ವಾಪಸ್ ಬರದಿದ್ದರೂ ಹೆಸರು ಅಲ್ಲಿಗೇ ನಿಂತಿತು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬಿಳಿಯರ ಜೊತೆ ಕೂರಿಸಬೇಕೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದ್ದ ಕಾಲ ಅದು. ತೀರ್ಪನ್ನು ಜಾರಿ ಮಾಡಬೇಕಾದವರು ದಕ್ಷಿಣದ ಜಿಲ್ಲಾ ನ್ಯಾಯಾಧೀಶರು. ಅಂಥ ಕುರ್ಚಿಗಳ ಬೀಗದ ಕೈ ದಕ್ಷಿಣದ ಸೆನೆಟರ್‌ಗಳ ಜೇಬಿನಲ್ಲಿ ಇದ್ದುದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೇಲ್ಮನವಿ ನ್ಯಾಯಾಲಯಗಳ ಮಟ್ಟಿಗೆ ಚೀಟಿಯ ಬಲ 2017ರಿಂದ ಕುಸಿಯಿತು. 2019ರಲ್ಲಿ ವಾಷಿಂಗ್ಟನ್ ರಾಜ್ಯದ ಇಬ್ಬರೂ ಸೆನೆಟರ್‌ಗಳು ಚೀಟಿ ಮರಳಿಸದಿದ್ದರೂ ಎರಿಕ್ ಮಿಲ್ಲರ್ ಒಂಬತ್ತನೇ ವಲಯಕ್ಕೆ ನೇಮಕವಾದರು. ಜಿಲ್ಲಾ ನ್ಯಾಯಾಲಯಗಳಿಗೆ ಮಾತ್ರ ಚೀಟಿ ಇನ್ನೂ ಜೀವಂತ. ಸಮಿತಿಯ ಮುಖ್ಯಸ್ಥರಾಗಿದ್ದಾಗ ಡೆಮಾಕ್ರಟ್ ಡರ್ಬಿನ್ ಉಳಿಸಿಕೊಂಡರು. 2025ರಲ್ಲಿ ಸ್ವತಃ ಟ್ರಂಪ್ ಬಹಿರಂಗವಾಗಿ ಒತ್ತಾಯಿಸಿದರೂ ಅವರ ನಂತರ ಮುಖ್ಯಸ್ಥರಾದ ರಿಪಬ್ಲಿಕನ್ ಗ್ರಾಸ್ಲಿ ಬಿಟ್ಟುಕೊಡಲಿಲ್ಲ. ತಮ್ಮ ರಾಜ್ಯದ ಮೇಲಿನ ಹಿಡಿತವನ್ನು ಯಾವ ಪಕ್ಷದ ಸೆನೆಟರ್ ಬಿಡುತ್ತಾರೆ ಹೇಳಿ.

ಹುರಿಗಡಲೆ
ಮೊದಲಿಗೆ ಗೇಟಿನ ಕಾವಲುಗಾರ ಎಂದಿದ್ದೆ. ಹಿಂತೆಗೆದುಕೊಳ್ಳುತ್ತೇನೆ. ಕಾವಲುಗಾರನಾದರೆ ಮುಖ ಕಾಣಿಸುತ್ತದೆ, ಜಗಳವಾಡಬಹುದು. ಇದು ನಮ್ಮ ತಾಲ್ಲೂಕು ಕಚೇರಿಯ ‘ಸಾಹೇಬರು ಊಟಕ್ಕೆ ಹೋಗಿದ್ದಾರೆ’ ಜಾತಿಗೆ ಸೇರಿದ್ದು.

ಬೆಳಗಿನ ಪತ್ರಿಕೆ
ಅಮೆರಿಕವನ್ನು ಅಷ್ಟು ಬೈಯುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ನಮ್ಮಲ್ಲಿ ಸಮಿತಿಯೂ ಇಲ್ಲ, ವಿಚಾರಣೆಯೂ ಇಲ್ಲ. 1973ರ ಏಪ್ರಿಲ್‌ನಲ್ಲಿ, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದ ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಲ್ಲೇ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ಮೂವರಲ್ಲಿ ಒಬ್ಬರು ನಮ್ಮ ಕಾರ್ಕಳ ಕಡೆಯ ಕೆ. ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು, ಅದು ಬೇರೆ ಮಾತು. ‘ಏಕೆ ದಾಟಿದಿರಿ?’ ಎಂದು ಸರ್ಕಾರವನ್ನು ಒಂದು ಮೇಜಿನ ಮುಂದೆ ಕೂರಿಸಿ ಕೇಳುವ ವ್ಯವಸ್ಥೆ ಇರಲಿಲ್ಲ. ಈಗ ಹಿರಿಯ ನ್ಯಾಯಮೂರ್ತಿಗಳೇ ಕುಳಿತು ಹೆಸರು ಸೂಚಿಸುವ ಕೊಲಿಜಿಯಂ. 2015ರ ಅಕ್ಟೋಬರ್ 16ರಂದು ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 4–1ರಿಂದ ರದ್ದು ಮಾಡಿದ ಮೇಲೆ ಅದೇ ಮುಂದುವರಿದಿದೆ. ಕೊಲಿಜಿಯಂ ಕಳುಹಿಸಿದ ಹೆಸರಿನ ಮೇಲೆ ಸರ್ಕಾರ ತಿಂಗಳುಗಟ್ಟಲೆ ಕುಳಿತರೆ ಅದೂ ಒಣಗಿಸುವುದೇ.

ನಿವೃತ್ತ ಮುನ್ಸಿಫ
ಒಪ್ಪುತ್ತೇನೆ. ಹೆಗ್ಡೆಯವರ ವಿಷಯ ಬಂದಾಗಲೆಲ್ಲ ನನ್ನ ತಲೆಮಾರಿನವರಿಗೆ ಈಗಲೂ ಹೊಟ್ಟೆಯಲ್ಲಿ ಉರಿ. ಆದರೆ ವ್ಯತ್ಯಾಸ ಗಮನಿಸಿ: ಅಲ್ಲಿಯೂ ಬಹಿರಂಗ ವಿಚಾರಣೆ ಮೊದಲಿನಿಂದ ಇರಲಿಲ್ಲ. 1916ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಲೂಯಿ ಬ್ರಾಂಡೈಸ್ ಹೆಸರು ಬಂದಾಗ ಮೊದಲ ಬಾರಿಗೆ ನಾಮನಿರ್ದೇಶಿತರೊಬ್ಬರ ಬಗ್ಗೆ ಸಮಿತಿ ಸಾರ್ವಜನಿಕ ವಿಚಾರಣೆ ನಡೆಸಿತು. ಆ ಪೀಠಕ್ಕೆ ಹೆಸರಾದ ಮೊದಲ ಯೆಹೂದಿ ಅವರು. ದೊಡ್ಡ ಕಂಪನಿಗಳ ಎದುರು ಮೊಕದ್ದಮೆ ನಡೆಸಿ ಹೆಸರಾಗಿದ್ದವರು. ನಾಲ್ಕು ತಿಂಗಳು ಎಳೆದರು. ಸಮಿತಿ 10–8, ಸದನ 47–22. ಇಡೀ ನಾಲ್ಕು ತಿಂಗಳಲ್ಲಿ ಬ್ರಾಂಡೈಸ್ ಒಮ್ಮೆಯೂ ಸಮಿತಿಯ ಮುಂದೆ ಬರಲಿಲ್ಲ. ಬರುವುದು ಮರ್ಯಾದೆಯಲ್ಲ ಎಂಬ ಕಾಲ ಅದು. 1925ರಲ್ಲಿ ಹಾರ್ಲನ್ ಸ್ಟೋನ್ ಮೊದಲಿಗರಾಗಿ ಬಂದರು. 1955ರಿಂದೀಚೆಗೆ ಸುಪ್ರೀಂ ಕೋರ್ಟಿಗೆ ಹೆಸರಾದವರೆಲ್ಲ ಬಂದು ಕೂರುವುದು ವಾಡಿಕೆಯಾಯಿತು. ಬಾಗಿಲು ತೆರೆಯಲು ಕಾರಣ ಉದಾತ್ತವೇನಲ್ಲ, ಒಬ್ಬ ಮನುಷ್ಯನ ಮೇಲಿನ ದ್ವೇಷವೂ ಅದರಲ್ಲಿತ್ತು. ತೆರೆದ ಮೇಲೆ ಮುಚ್ಚಲಾಗಲಿಲ್ಲ.

ಸಾಗರದವಳು
ಮುಚ್ಚಲಾಗಲಿಲ್ಲ ಎನ್ನುತ್ತೀರಾ? 2016 ಮರೆತಿರೇ, ಮುನ್ಸಿಫರೇ? ಫೆಬ್ರವರಿ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಕಲಿಯಾ ತೀರಿಕೊಂಡರು. ಹತ್ತು ದಿನಗಳಲ್ಲಿ ಸಮಿತಿಯ ಹನ್ನೊಂದು ರಿಪಬ್ಲಿಕನ್ ಸದಸ್ಯರೂ ಸಹಿ ಹಾಕಿ, ಒಬಾಮ ಯಾರನ್ನು ಹೆಸರಿಸಿದರೂ ವಿಚಾರಣೆ ನಡೆಸುವುದಿಲ್ಲ ಎಂದು ಪತ್ರ ಕೊಟ್ಟರು. ಹೆಸರು ಇನ್ನೂ ಬಂದೇ ಇರಲಿಲ್ಲ! ಮಾರ್ಚ್ 16ರಂದು ಮೆರಿಕ್ ಗಾರ್ಲೆಂಡ್ ಹೆಸರು ಬಂತು. 2017ರ ಜನವರಿ 3ರಂದು ವಾಪಸ್ ಹೋಯಿತು. 293 ದಿನ. ಪಾರ್ಕರ್‌ಗೆ, ಬೋರ್ಕ್‌ಗೆ, ಥಾಮಸ್‌ಗೆ ಸಿಕ್ಕ ‘ಸದನಕ್ಕೆ ಕಳುಹಿಸುವ ರೂಢಿ’ ಇವರ ಪಾಲಿಗೆ ಎಲ್ಲಿ ಹೋಯಿತು? ವಿಚಾರಣೆಯೇ ಇಲ್ಲವೆಂದ ಮೇಲೆ ಕಳುಹಿಸುವ ಪ್ರಶ್ನೆಯೇ ಇಲ್ಲ. ನಾಲ್ಕು ವರ್ಷಗಳ ನಂತರ ಅದೇ ಪಕ್ಷ ಚುನಾವಣೆಗೆ ಎರಡು ವಾರವೂ ಉಳಿಯದಿದ್ದಾಗ ಎಮಿ ಕೋನಿ ಬ್ಯಾರೆಟ್ ಅವರನ್ನು ಸಮಿತಿಯಿಂದ 12–0ರಲ್ಲಿ ದಾಟಿಸಿತು. ಡೆಮಾಕ್ರಟರ ಕುರ್ಚಿಗಳು ಖಾಲಿ ಇದ್ದವು.

ನಿವೃತ್ತ ಮುನ್ಸಿಫ
ಅದನ್ನು ಸಮರ್ಥಿಸಲು ನನ್ನಲ್ಲಿ ಮಾತಿಲ್ಲ. ಜರಡಿ ಎಂದೆ, ಆದರೆ ಜರಡಿಯನ್ನು ಮುಟ್ಟದೆ ಧಾನ್ಯವನ್ನು ಚೀಲದಲ್ಲೇ ಬಿಟ್ಟರೆ ಅದಕ್ಕೆ ಏನೆನ್ನಬೇಕೋ ತಿಳಿಯದು. ‘ಬೇಡ’ ಎಂದು ಕೈ ಎತ್ತಿ ಹೇಳಿದ್ದರೆ ನಾನು ಅವರ ಪಕ್ಷದಲ್ಲೇ ನಿಲ್ಲುತ್ತಿದ್ದೆ. ಪಿಕರಿಂಗ್ ಅವರನ್ನು ನಿಲ್ಲಿಸಿದ ಹತ್ತು ಮಂದಿಯ ಹೆಸರು ದಾಖಲೆಯಲ್ಲಿದೆ. ಮುಂದಿನ ಚುನಾವಣೆಯಲ್ಲಿ ಅವರನ್ನು ಕೇಳಬಹುದಿತ್ತು. ಆ ಮಟ್ಟಿಗೆ 2002ರ ಸಮಿತಿ 2016ರ ಸಮಿತಿಗಿಂತ ನೇರವಾಗಿತ್ತು.

ಒಹಾಯೊ ಕನ್ನಡಿಗ
ಆದರೆ ಆ ಹನ್ನೊಂದು ಜನರ ಸಹಿಯೂ ಪತ್ರದಲ್ಲಿ ಇತ್ತಲ್ಲ ಮುನ್ಸಿಫರೇ? ಮತದಾರರು ಕೇಳಬಹುದಿತ್ತು. ಕೇಳಲಿಲ್ಲ. ಆಗಲೂ ಸಮಿತಿಯ ಮುಖ್ಯಸ್ಥರಾಗಿದ್ದ ಗ್ರಾಸ್ಲಿ ಅದೇ ವರ್ಷ ಅಯೋವಾದಲ್ಲಿ ಮತ್ತೆ ಗೆದ್ದರು.

ಸಮಿತಿ ಎಷ್ಟು ಸಣ್ಣ ಕಾರಣಕ್ಕೂ ನಿಂತುಹೋಗಬಹುದು ಎನ್ನುವುದಕ್ಕೆ 2023 ನೋಡಿ. ಡೆಮಾಕ್ರಟರು 11, ರಿಪಬ್ಲಿಕನ್ನರು 10. ಡೆಮಾಕ್ರಟ್ ಸದಸ್ಯೆ ಡಯಾನ್ ಫೈನ್‌ಸ್ಟೈನ್ ಅವರಿಗೆ ಸರ್ಪಸುತ್ತು ಬಂದು ಸುಮಾರು ಮೂರು ತಿಂಗಳು ಬರಲಾಗಲಿಲ್ಲ. 10–10. ವಿರೋಧವಿದ್ದ ಹೆಸರುಗಳೆಲ್ಲ ಸ್ತಬ್ಧ. ತಾತ್ಕಾಲಿಕವಾಗಿ ಬೇರೊಬ್ಬರನ್ನು ಕೂರಿಸಲು ರಿಪಬ್ಲಿಕನ್ನರು ಒಪ್ಪಲಿಲ್ಲ. ಫೈನ್‌ಸ್ಟೈನ್ ಮೇ ತಿಂಗಳಲ್ಲಿ ಗಾಲಿಕುರ್ಚಿಯಲ್ಲಿ ವಾಪಸ್ ಬಂದ ಮೇಲೆಯೇ ಬಂಡಿ ಮುಂದೆ ಹೋಯಿತು.

ಕೆರೆಯಂಗಳ
ಇದಕ್ಕೆ ವಿರುದ್ಧವಾದ ಉದಾಹರಣೆ ಇದೆಯೇ? ಸಮಿತಿ ಒಪ್ಪಿ, ಸದನ ಬೇಡ ಎಂದದ್ದು?

ಸಾಗರದವಳು
ಇದೆ, ರಾನಿ ವೈಟ್. ಮಿಸ್ಸೂರಿ ರಾಜ್ಯದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. ಕ್ಲಿಂಟನ್ 1997ರಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಹೆಸರಿಸಿದರು. ಎರಡು ವರ್ಷ ಕಾಯಿಸಿ, ಸಮಿತಿ ಒಪ್ಪಿ ಕಳುಹಿಸಿತು. ಅದೇ ರಾಜ್ಯದ ಸೆನೆಟರ್ ಜಾನ್ ಆಶ್‌ಕ್ರಾಫ್ಟ್, ವೈಟ್ ಅವರು ಅಪರಾಧಿಗಳ ಬಗ್ಗೆ ಮೃದು ಎಂದು ಸದನದಲ್ಲಿ ವಿರೋಧಿಸಿದರು. 1999ರ ಅಕ್ಟೋಬರ್ 5ರಂದು 45–54ರ ಸೋಲು. 2001ರಲ್ಲಿ ಆಶ್‌ಕ್ರಾಫ್ಟ್ ಅಟಾರ್ನಿ ಜನರಲ್ ಹುದ್ದೆಗೆ ಹೆಸರಾಗಿ ಇದೇ ಸಮಿತಿಯ ಮುಂದೆ ಬಂದಾಗ ವೈಟ್ ಬಂದು ಸಾಕ್ಷ್ಯ ನುಡಿದರು. 2013ರಲ್ಲಿ ಒಬಾಮ ಮತ್ತೆ ಹೆಸರಿಸಿದರು. 2014ರ ಜುಲೈನಲ್ಲಿ 53–44ರಿಂದ ಗೆದ್ದರು. ಮೊದಲು ಹೆಸರಾಗಿ ಹದಿನೇಳು ವರ್ಷ.

ಆ ಎರಡರ ನಡುವೆ 2013ರ ನವೆಂಬರ್ 21 ಇತ್ತು ಎಂಬುದನ್ನೂ ಬರೆದುಕೊಳ್ಳಿ. ಅಂದು ಕೆಳಗಿನ ನ್ಯಾಯಾಲಯಗಳ ಹೆಸರಿಗೆ ಫಿಲಿಬಸ್ಟರ್ ಮುರಿಯಲು ಅರವತ್ತು ಮತ ಬೇಕೆಂಬುದನ್ನು ಡೆಮಾಕ್ರಟರು ತೆಗೆದುಹಾಕಿದರು. 2017ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ತೆಗೆದರು. 53–44 ಎನ್ನುವುದು ಹಳೆಯ ಲೆಕ್ಕದಲ್ಲಿ ಸಾಲದೇ ಹೋಗಬಹುದಿತ್ತು.

ಕಡತಪ್ರಿಯ
ಎಲ್ಲರಿಗೂ ಕೃತಜ್ಞ. ಪಟ್ಟಿ ಈಗ ಹೀಗಿದೆ: ಸಮಿತಿ ಸೋಲಿಸಿತು, ಸದನಕ್ಕೆ ಹೋಗಲಿಲ್ಲ; ಸಮಿತಿ ಸೋಲಿಸಿತು, ಸದನವೂ ಸೋಲಿಸಿತು; ಸಮಿತಿ ಸೋಲಿಸಿತು, ಆಮೇಲೆ ಗೆದ್ದರು; ಸಮಿತಿ ಗೆಲ್ಲಿಸಿತು, ಸದನ ಸೋಲಿಸಿತು, ಆಮೇಲೆ ಗೆದ್ದರು; ತಾವೇ ಹಿಂದೆ ಸರಿದರು; ಒಣಗಿದರು. ‘ತಿರಸ್ಕೃತ’ ಎಂಬ ಪದವನ್ನೇ ತಲೆಬರಹದಿಂದ ತೆಗೆದಿದ್ದೇನೆ.

ಒಂದು ಕಡೆ ಇನ್ನೂ ಪೆನ್ನು ನಿಂತಿದೆ. ಗಾರ್ಲೆಂಡ್ ಹೆಸರಿನ ಮುಂದೆ ‘ಮತ’ ಅಂಕಣದಲ್ಲಿ ಏನು ಬರೆಯಲಿ? 0–0 ಎಂದೇ?

ನಿವೃತ್ತ ಮುನ್ಸಿಫ
ಸೊನ್ನೆ ಬರೆಯಬೇಡಿ. ಸೊನ್ನೆ ಬರೆದರೆ ಎಣಿಸಲು ಯಾರೋ ಕುಳಿತಿದ್ದರು ಎಂದಾಗುತ್ತದೆ. ಖಾಲಿ ಬಿಡಿ, ಮಕ್ಕಳು ಕೇಳುತ್ತಾರೆ.